ಮಕ್ತುಮ್ ಸಾಬ್ರ ಬಸ್ಸು ನಿಲ್ಲಿಸಿದ ಕಂಡಕ್ಟರ್

ಹರಿಹರ
೧೮ ಆಗಸ್ಟ್ ೨೦೨೫, ಸೋಮವಾರ

ಮಾತು ಬಿಟ್ಟ ಮಕ್ತುಮ್ ಸಾಬ್ರಿಗೆ,

ನಿನ್ನ ಕಂಡಕ್ಟರ್ ಅಂಜಿನಪ್ಪ ಮಾಡೋ ನಮಸ್ಕಾರ. ಹೆಸರಿಗೆ ಅಂಜಿನಪ್ಪ, ಎಪ್ಪತ್ತೊಂದು ವರ್ಷದಾಗೆ ಯಾರಿಗೂ ಅಂಜಿದೋನಲ್ಲ. ಚೆಕಿಂಗ್‌ನೋರಿಗೆ ಅಂಜಲಿಲ್ಲ, ಬಸ್ಸಿನ ಓನರ್ ಸಾಹುಕಾರ್ರಿಗೆ ಅಂಜಲಿಲ್ಲ, ಹೆಂಡ್ತಿಗೂ ಅಂಜಲಿಲ್ಲ. (ಉಡಚಮ್ಮ ಬೆನ್ನ ಹಿಂದೆ ನಿಂತು ಓದ್ತಾ ಅದಾಳೆ. ಹೆಂಡ್ತಿಗೆ ಸ್ವಲ್ಪ ಅಂಜಿದ್ದೆ ಅಂತ ತಿದ್ಕೋ.) ಈಗ ಮೊದಲ ಸಲ ನಿನಗೆ ಅಂಜೀನಿ. ಮೂರು ದಿನದಿಂದ ಹದಿನೇಳು ಸಲ ಫೋನ್ ಮಾಡೀನಿ, ನೀನು ಎತ್ತಿಲ್ಲ. ಅದಕ್ಕೆ ಈ ಕಾಗದ. ನಮ್ಮ ತಿಪ್ಪೇಶ್ ಈಗ ದಾವಣಗೆರೆ ಬಸ್ಸಿನ ಕಂಡಕ್ಟರ್ ಅಲ್ಲವಾ, ಅವನ ಕೈಲಿ ಕಳಿಸ್ತೀನಿ. ಹದಿನಾಲ್ಕು ಕಿಲೋಮೀಟರಿಗೆ ಅಂಚೆಯೋರನ್ನ ಯಾಕ ದಣಿಸೋದು.

ಶುಕ್ರವಾರ ನಡೆದದ್ದನ್ನ ಒಂದೂ ಬಿಡದಂಗೆ ಒಪ್ಕಂತೀನಿ, ಕೇಳು.

ಸ್ವಾತಂತ್ರ್ಯದ ದಿನ ರಜೆ ಅಂತ ನಿಮ್ಮ ಕೆ.ಬಿ. ಬಡಾವಣೆ ಮನೆಗೆ ಊಟಕ್ಕೆ ಬಂದೆ. ಬಂದ ತಕ್ಷಣ ನೀನು ನನ್ನ ಕೈ ಹಿಡಿದು ಕಂಪ್ಯೂಟರ್ ಮುಂದೆ ಕೂರಿಸಿದೆ. ಬಸ್ಸು ಓಡಿಸೋ ಆಟ. ನಿನ್ನ ಹೆಸರಿನ ಮುಂದೆ ಒಂಬತ್ತು ಸಾವಿರದ ಆರುನೂರ ನಲವತ್ತು ಕಿಲೋಮೀಟರ್ ಅಂತಿತ್ತು. "ಒಂದು ಗೀರಿಲ್ಲ ನೋಡ್ಲೇ ಅಂಜಿ" ಅಂದೆ. ಕಂಡಕ್ಟರ್ ಬುದ್ಧಿ ನಂದು, ಅಂಕಿ ಕಂಡ್ರೆ ತಲೆಯೊಳಗೆ ತಾನೇ ಬರ್ಕಂತೈತೆ.

ಆಮೇಲೆ ನಿನ್ನ ಮೊಮ್ಮಗಳು ಸಾಯಿಮಾ ಪೂರ್ತಿ ತಿಳಿಸಿ ಹೇಳಿದ್ಲು. ಈ ಆಟಕ್ಕೆ ಡಬ್ಬಿ ಇಲ್ಲ, ಡಿಸ್ಕ್ ಇಲ್ಲ, ಕಂಪ್ಯೂಟರ್ ಒಳಗಿನ ಅಂಗಡಿನಾಗೆ ಕೊಂಡಿದ್ದು. ಒಬ್ಬರು ಕೊಂಡ್ರೆ ಆ ಮನೆಯೋರೆಲ್ಲ ಆಡಬಹುದು. ಆದ್ರೆ ಅಂಗಡಿಯ ಪಟ್ಟಿನಾಗೆ ಅವರ ಹೆಸರಿರಬೇಕು, ಮತ್ತೆ ಒಂದು ಹೊತ್ತಿಗೆ ಒಬ್ಬರೇ ಆಡಬೇಕು. "ಅಂದ್ರೆ ಬಸ್ಸಿನ ಸೀಟಿದ್ದಂಗೆ, ಒಬ್ಬ ಎದ್ದ ಮೇಲೆ ಇನ್ನೊಬ್ಬ ಕೂರೋದು" ಅಂದೆ. ಅದಕ್ಕೇ ಫ್ರಿಜ್ ಮೇಲೆ ನೀನು ಡ್ಯೂಟಿ ಚಾರ್ಟ್ ಅಂಟಿಸಿದ್ದೆ. ಬೆಳಿಗ್ಗೆ ಆರರಿಂದ ಎಂಟು ಮಕ್ತುಮ್ ಸಾಬ್. ಸಂಜೆ ಐದರಿಂದ ಏಳು ಮೊಮ್ಮಗ ಅಕೀಬ್. ಶುಕ್ರವಾರ ಗಾಡಿ ರಿಪೇರಿ. ಇಲ್ಲದ ಗಾಡಿಗೆ ಎಂಥ ರಿಪೇರಿನೋ ಮಾರಾಯ.

ನೀನು, ಅಕೀಬ್ ನಮಾಜಿಗೆ ಹೋದ್ರಿ. ಸಾಯಿಮಾ ಅಡಿಗೆಮನೆಗೆ ಹೋದ್ಲು. ಕಂಪ್ಯೂಟರ್ ತೆರೆದೇ ಇತ್ತು, ಮನೆಯೋರ ಪಟ್ಟಿ ಅದರ ಮೇಲೇ ಇತ್ತು. ನನ್ನ ಬೆರಳು ನಿನಗೆ ಗೊತ್ತಲ್ಲ. ಹೋದ ಸಲ ಬಂದಾಗ ನಿನ್ನ ಹೆಸರು ಅಳಿಸಿ "ಬ್ರೇಕ್ ಸಾಬ್" ಅಂತ ಮಾಡಿದ್ದೆ, ನೀನು ವಾರಗಟ್ಟಲೆ ನಕ್ಕಿದ್ದೆ. ಈ ಸಲ ಡ್ರೈವರನ್ನ ಡ್ಯೂಟಿಯಿಂದ ತೆಗೆದು, ನೀನು ಬಂದು ಕಣ್ಣು ಬಿಡೋದು ನೋಡಿ, ಮತ್ತೆ ಸೇರಿಸೋಣ ಅಂತಿದ್ದೆ. ನಿನ್ನ ಹೆಸರಿನ ಪಕ್ಕ ತೆಗೆದುಹಾಕಿ ಅನ್ನೋದು ಕಾಣ್ತು, ಒತ್ತಿದೆ. ಖಾತ್ರಿನಾ ಅಂತ ಕೇಳ್ತು. ರೈಟ್ ಅಂದೆ. ಇನ್ನೊಂದ್ಸಲ ಕೇಳ್ತು. ಇನ್ನೊಂದ್ಸಲ ರೈಟ್ ಅಂದೆ.

ಸಾಯಿಮಾ ಹೊರಗೆ ಬಂದು ನೋಡಿ ಕೈಯಾಗಿನ ಸೌಟು ಹಂಗೇ ಹಿಡ್ಕೊಂಡು ನಿಂತ್ಲು. "ಕಂಡಕ್ಟರ್ ತಾತ, ಇನ್ನೊಂದು ವರ್ಷ ಸೇರೋ ಹಂಗಿಲ್ಲ ಅಂತ ಬಂದೈತಲ್ಲ."

ಆಗ ನೀನು ಬಂದೆ. ಬೈದಿದ್ರೆ ಬದುಕ್ತಿದ್ದೆ. ನೀನು ಟೋಪಿ ತೆಗೆದು ಮೊಳೆಗೆ ಹಾಕಿ, ಒಳಗೆ ಹೋದೆ.

ನಿನ್ನ ಎಡಗಾಲು, ಆ ಕ್ಲಚ್ ಕಾಲು, ಆಪರೇಶನ್ ಆದ ಮೇಲೆ ಎರಡು ವರ್ಷ ನೀನು ಗೇಟಿನ ಹತ್ರ ಕುರ್ಚಿ ಹಾಕ್ಕೊಂಡು, ರಸ್ತೆಗೆ ಹೋಗೋ ಬಸ್ಸಿನ ಸದ್ದು ಕೇಳಿ "ಮೂರನೇ ಗೇರಿನಾಗೆ ಹೊಂಟಾನೆ ಮುಠ್ಠಾಳ, ಎರಡಕ್ಕೆ ಬರಬೇಕು" ಅಂತಿದ್ದದ್ದು ನಾನು ನೋಡೀನಿ. ಈ ಆಟ ಬಂದ ಮೇಲೆ ಆ ಕುರ್ಚಿ ಖಾಲಿ ಆಗಿದ್ದೂ ನೋಡೀನಿ. ಅದೇ ಕುರ್ಚಿಗೆ ನಿನ್ನ ನಾನೇ ವಾಪಸ್ ಕೂರಿಸಿದೆ.

ತಪ್ಪಾಯ್ತು ಅಂತ ಬರೆಯಾಕೆ ನನಗೆ ಅಭ್ಯಾಸ ಇಲ್ಲ, ಅಕ್ಷರ ಸೊಟ್ಟ ಬಂದ್ರೆ ಹೊಟ್ಟೆಗೆ ಹಾಕ್ಕೋ.

ಇಂತಿ,
ನಿನ್ನ ಅಂಜಿದಪ್ಪ


ಹರಿಹರ
೨ ಸೆಪ್ಟೆಂಬರ್ ೨೦೨೫

ಮೌನ ಸಾಬ್ರಿಗೆ,

ಹದಿನೈದು ದಿನ ಆಯ್ತು. ತಿಪ್ಪೇಶನ್ನ ದಿನಾ ಕೇಳ್ತೀನಿ. "ಕಾಗದ ಕೊಟ್ಟೀಯಾ?" "ಕೊಟ್ಟೀನಿ ಅಣ್ಣ." "ಏನಂದ?" "ಟೀ ಕುಡೀತೀಯಾ ಅಂದ್ರು." ಅವನಿಗೆ ಟೀ, ನನಗೆ ಬರೀ ಸೊಟ್ಟ ಮೋರೆ. ಇದು ಯಾವ ನ್ಯಾಯ.

ಮುಖ ತೋರಿಸಾಕೆ ಆಗ್ತಿಲ್ಲ ಮಾರಾಯ. ಹೋದ ಭಾನುವಾರ ಬಸ್ ಹತ್ತಿ ದಾವಣಗೆರೆಗೆ ಬಂದಿದ್ದೆ. ನಿಮ್ಮ ಓಣಿ ತಿರುವಿನ ತನಕ ಬಂದೆ. ಅಲ್ಲಿಂದ ನಿಮ್ಮ ಗೇಟು ಕಾಣ್ತೈತಲ್ಲ, ಕುರ್ಚಿ ಐತಾ ಅಂತ ನೋಡಾಕೆ ಧೈರ್ಯ ಬರಲಿಲ್ಲ. ಹೋಟ್ಲಿನಾಗೆ ಎರಡು ಬೆಣ್ಣೆ ದೋಸೆ ತಿಂದು ವಾಪಸ್ ಬಂದೆ. ದುಃಖದಾಗೂ ದೋಸೆ ರುಚಿ ಇತ್ತು. ಅದನ್ನ ಹೇಳಾಕೂ ನೀನೇ ಬೇಕು ನನಗೆ.

ಮನೇನಾಗೆ ಉಡಚಮ್ಮ ಅಂತಾಳೆ, "ನಿಮ್ಮ ಹುಡುಗಾಟ ಈ ಜನ್ಮಕ್ಕೆ ಮುಗಿಯಲ್ಲ ಅಂದ್ಕಂಡಿದ್ದೆ. ಇಗೋ ಮುಗೀತು ನೋಡ್ರಿ." ನಿಜ ಹೇಳ್ತೀನಿ, ಹದಿನೈದು ದಿನದಿಂದ ಯಾರ ಚಪ್ಪಲಿನೂ ಬಚ್ಚಿಟ್ಟಿಲ್ಲ. ಪಕ್ಕದ ಮನೆಯೋರು ಬಂದು ಆರೋಗ್ಯ ವಿಚಾರಿಸಿದ್ರು.

ಒಂದು ಸಾಲು ಬರಿ. ಬೈದೇ ಬರಿ. ಉರ್ದುನಾಗೆ ಬೈದ್ರೂ ಆಗ್ತೈತೆ, ಅರ್ಥ ಆಗದಿದ್ರೆ ಗುಜರಿ ಕರೀಂ ಸಾಬ್ರ ಹತ್ರ ಓದಿಸ್ಕಂತೀನಿ.

ಇಂತಿ,
ಬಾಲ ಮುದುರಿದ ಅಂಜಿನಪ್ಪ


ಕೆ.ಬಿ. ಬಡಾವಣೆ, ದಾವಣಗೆರೆ
೯ ಸೆಪ್ಟೆಂಬರ್ ೨೦೨೫

ಅಂಜಿನಪ್ಪಗೆ,

ಎರಡು ಕಾಗದ ಮುಟ್ಟಿದವು.

ಅಕೀಬ್ ತನ್ನ ಹೆಸರಿನಾಗೆ ಆಡ್ರಿ ದಾದಾ ಅಂದ. ನಾನು ಒಲ್ಲೆ ಅಂದೆ. ಮೂವತ್ತೊಂದು ವರ್ಷ ಸ್ಟೇರಿಂಗ್ ಹಿಡಿದೀನಿ, ಬೇರೆಯೋರ ಲೈಸೆನ್ಸಿನಾಗೆ ಗಾಡಿ ಮುಟ್ಟಿಲ್ಲ. ಈಗಲೂ ಮುಟ್ಟಲ್ಲ.

ಫೋನ್ ಮಾಡಬ್ಯಾಡ. ಎತ್ತಲ್ಲ. ಬರೆಯೋದಿದ್ರೆ ಬರಿ. ಓದ್ತೀನಿ ಅಂತ ಏನಿಲ್ಲ.

ಮಕ್ತುಮ್ ಸಾಬ್


ಹರಿಹರ
೨೮ ಸೆಪ್ಟೆಂಬರ್ ೨೦೨೫

ಲೈಸೆನ್ಸ್ ಸಾಬ್ರಿಗೆ,

ಒಂಬತ್ತು ಸಾಲು ಬರೆದೀಯ. ಒಂಬತ್ತು ಸಲ ಓದೀನಿ. "ಓದ್ತೀನಿ ಅಂತ ಏನಿಲ್ಲ" ಅನ್ನೋ ಸಾಲು ಎಲ್ಲಕ್ಕಿಂತ ಚಂದ ಐತೆ.

ಈಗ ನಾನು ಮಾಡಿದ ಪ್ರಯತ್ನ ಕೇಳು. ನನ್ನ ಮೊಮ್ಮಗಳು ಸಹನಾ ಗೊತ್ತಲ್ಲ, ಡಿಗ್ರಿ ಎರಡನೇ ವರ್ಷ. ಹೆಸರಿಗೆ ತಕ್ಕ ಸಹನೆ ಅವಳಿಗೆ ನನ್ನ ವಿಷಯದಾಗೆ ಮಾತ್ರ ಇಲ್ಲ. ಸಾಯಿಮಾ ಈ ಆಟ ಕೊಂಡ ದಿನವೇ ಅವಳ ಮಾತು ಕೇಳಿ ಇವಳೂ ಒಂದು ಕೊಂಡಿದ್ಲಂತೆ.

ಮೊದಲು ಅಂದೆ, "ಮಕ್ತುಮ್ ತಾತನಿಗೆ ಬೇರೆಯದೇ ಒಂದು ಕೊಂಡು ಕಳಿಸಿಬಿಡಮ್ಮ, ಜಗಳ ಮುಗೀತೈತೆ." ಅವಳು ಹುಡುಕಿ ಹೇಳಿದ್ಲು, "ಅಜ್ಜ, ಆ ಆಟ ಈಗ ಮಾರ್ತಿಲ್ಲ. ಜೂನ್‌ನಾಗೇ ಅಂಗಡಿಯಿಂದ ತೆಗೆದುಬಿಟ್ಟಾರೆ. ಆಗಲೇ ಕೊಂಡೋರಿಗೆ ಉಂಟು, ಹೊಸಬರಿಗೆ ಇಲ್ಲ."

ಆಮೇಲೆ ಅಂದೆ, "ಹಂಗಿದ್ರೆ ಅವನ ಹೆಸರನ್ನ ನಮ್ಮ ಮನೆ ಪಟ್ಟಿಗೆ ಹಾಕು. ನಮ್ಮದೊಂದು ಪ್ರತಿ ಐತಲ್ಲ." ಅವಳು ಕನ್ನಡಕ ಏರಿಸ್ಕಂಡು ನಿಯಮ ಓದಿದ್ಲು. "ಒಂದು ಮನೆ ಬಿಟ್ಟೋರು ಇನ್ನೊಂದು ಮನೆಗೆ ಸೇರಾಕೆ ಒಂದು ವರ್ಷ ಆಗಬೇಕಂತೆ ಅಜ್ಜ. ಅದೂ ಅಲ್ದೆ ಇದು ಒಂದೇ ಮನೆಯೋರಿಗೆ. ಅವರು ನಮ್ಮ ಮನೆಯೋರಲ್ಲ."

ಆ ಮಾತಿಗೆ ನನಗೆ ಸಿಟ್ಟು ಬಂತು. ಇಪ್ಪತ್ತೆರಡು ವರ್ಷ ಒಂದೇ ಡಬ್ಬಿನಾಗೆ ಉಂಡೀವಿ ಅಂದೆ. ಉಡಚಮ್ಮನ ರೊಟ್ಟಿ ಅವನ ಹೊಟ್ಟೆಗೆ, ಮಾಬೂಬೀ ಭಾಭಿ ಮಾಡಿದ ಬದನೆಕಾಯಿ ನನ್ನ ಹೊಟ್ಟೆಗೆ. ವರ್ಷಕ್ಕೆ ಮುನ್ನೂರು ದಿನ ಹೆಂಡ್ತಿ ಮಕ್ಕಳ ಮುಖಕ್ಕಿಂತ ಜಾಸ್ತಿ ಅವನ ಕುತ್ತಿಗೆ ಹಿಂಭಾಗ ನೋಡೀನಿ. ಮನೆಯೋರು ಅಂದ್ರೆ ಇನ್ನೇನು.

"ಅಜ್ಜ, ಅಂಗಡಿಯೋರು ಬದನೆಕಾಯಿ ಕೇಳಲ್ಲ. ಒಂದೇ ಸೂರಿನಡಿ ಇದ್ದೀರಾ ಅಂತ ಕೇಳ್ತಾರೆ. ನಾನು ಸುಳ್ಳು ಹಾಕಲ್ಲ" ಅಂದ್ಲು.

"ಬಸ್ಸಿಗೆ ಸೂರು ಇರಲಿಲ್ಲವಾ" ಅಂದೆ. "ಸೋರ್ತಿತ್ತು ಅಂತ ನೀವೇ ಹೇಳೀರಿ" ಅಂದ್ಲು. ಇಂಥ ಬಾಯಿ ಅವಳಿಗೆ ಎಲ್ಲಿಂದ ಬಂತೋ. ಉಡಚಮ್ಮ ನನ್ನ ಕಡೆ ಬೊಟ್ಟು ತೋರಿಸ್ತಾಳೆ.

ಇಷ್ಟು ದಿನ ಬೇರೆಯೋರನ್ನ ಬಸ್ಸಿನಿಂದ ಇಳಿಸ್ತಿದ್ದೆ. ಇಳಿಸೋದು ಸುಲಭ, ಹತ್ತಿಸೋದು ಕಷ್ಟ ಅಂತ ಈಗ ತಿಳೀತು. ಆದ್ರೂ ಕೈ ಬಿಡಲ್ಲ.

ಇಂತಿ,
ಅಂಜಿನಪ್ಪ, ಇನ್ನೂ ಅಂಜಿಕೊಂಡೇ


ಹರಿಹರ
೧೬ ಅಕ್ಟೋಬರ್ ೨೦೨೫

ಬಸ್ಸಿಲ್ಲದ ಡ್ರೈವರಿಗೆ ಬ್ಯಾಗಿಲ್ಲದ ಕಂಡಕ್ಟರ್ ಬರೆಯೋದು,

ಈ ಕಾಗದದ ಜೊತೆ ಬಂದಿರೋ ಸಾಮಾನು ನೋಡಿ ಗಾಬರಿ ಆಗಬ್ಯಾಡ.

ಹೋದ ವಾರ ಕರೀಂ ಸಾಬ್ರ ಗುಜರಿಗೆ ಹೋಗಿದ್ದೆ, ಬಾಗಿಲಿನ ಒಂದು ಕೊಂಡಿ ಬೇಕಾಗಿತ್ತು. ಹಿಂದುಗಡೆ ತಗಡಿನ ರಾಶಿ ಮೇಲೆ ಒಂದು ದೊಡ್ಡ ಸ್ಟೇರಿಂಗ್ ಬಿದ್ದಿತ್ತು. ಅದಕ್ಕೆ ಹಸಿರು ಹಳದಿ ಪ್ಲಾಸ್ಟಿಕ್ ವಯರು ಜಡೆ ಹೆಣೆದಂಗೆ ಸುತ್ತಿತ್ತು. ಒಂದು ಕಡೆ ಹಸಿರು ಮುಗಿದು, ಸಿಗಲಿಲ್ಲ ಅಂತ ನಾಲ್ಕು ಬೆರಳಗಲ ಕೆಂಪು ಸುತ್ತಿತ್ತು. ಆ ಕೆಂಪು ವಯರು ಯಾರದು ಹೇಳು. ನಮ್ಮ ಉಡಚಮ್ಮನ ಬುಟ್ಟಿದು. ನಾನೇ ಕದ್ದು ತಂದುಕೊಟ್ಟಿದ್ದೆ. ಬುಟ್ಟಿ ಮೂರು ದಿನಕ್ಕೆ ಬಿಚ್ಚಿಕೊಂಡು, ತರಕಾರಿ ಎಲ್ಲ ಸಂತೇನಾಗೆ ಉರುಳಿತ್ತು.

ನಮ್ಮ ಗಾಡಿದೇ ಮಾರಾಯ. ಗಾಡಿ ಎಲ್ಲಾ ಕರಗಿಹೋಗೈತೆ, ಇದೊಂದು ಉಳಿದೈತೆ. ಕರೀಂ ಸಾಬ್ರು ನನ್ನ ಮುಖ ನೋಡಿ, "ಎತ್ಕೊಂಡು ಹೋಗ್ರಿ ಅಂಜಿನಪ್ಪ, ನಿಮ್ಮ ಮನೆ ಸಾಮಾನು ನಾ ಯಾಕ ಇಟ್ಕೊಳ್ಳಿ" ಅಂದ್ರು.

ತಿಪ್ಪೇಶ್ ಮೊದಲು ಒಲ್ಲೆ ಅಂದ. ಆಮೇಲೆ ಮುಂದಿನ ಸೀಟಿನಾಗೆ ಕಿಟಕಿ ಪಕ್ಕ ಕೂರಿಸ್ಕಂಡ. ಹತ್ತಿದೋರೆಲ್ಲ, "ಯಾಕ ಕಂಡಕ್ಟ್ರೆ, ಇದು ಸ್ಟೆಪ್ನಿನಾ" ಅಂತ ಕೇಳಿದ್ರಂತೆ. "ಹೌದು, ಡ್ರೈವರ್ ಕೈಯಾಗಿನದು ಆಗಾಗ ಕಿತ್ತು ಬರ್ತೈತೆ" ಅಂದ್ನಂತೆ. ಇಬ್ಬರು ಮುದುಕಿಯರು ಹಳೇ ಹರ್ಲಾಪುರದಾಗೇ ಇಳಿದುಬಿಟ್ರಂತೆ. ಹುಡುಗ ತಯಾರಾಗ್ಯಾನೆ, ನನ್ನ ಚಿಂತೆ ಕಮ್ಮಿ ಆಯ್ತು.

ಅಂಗಡಿಯೋರು ನಿನ್ನನ್ನ ಒಂದು ವರ್ಷ ಸಸ್ಪೆಂಡ್ ಮಾಡ್ಯಾರೆ. ಅಲ್ಲೀತನಕ ಇದನ್ನ ಹಿಡ್ಕೊಂಡು ಕೂತಿರು. ಇದಕ್ಕೆ ಯಾರ ಪಟ್ಟಿನೂ ಬ್ಯಾಡ.

ಇಂತಿ,
ಅಂಜಿನಪ್ಪ


ಕೆ.ಬಿ. ಬಡಾವಣೆ, ದಾವಣಗೆರೆ
೨೫ ಅಕ್ಟೋಬರ್ ೨೦೨೫

ಅಂಜಿನಪ್ಪ ಅಣ್ಣಾರಿಗೆ ಮಾಬೂಬೀ ಮಾಡೋ ಸಲಾಂ. ನಾನು ಹೇಳ್ತೀನಿ, ಸಾಯಿಮಾ ಬರೀತಾಳೆ.

ಅಣ್ಣಾರ, ಇಷ್ಟು ದೊಡ್ಡ ಗಾಲಿ ಯಾಕ ಕಳಿಸಿದ್ರಿ. ಮಂಚದ ಕೆಳಗೆ ಹೋಗಲ್ಲ, ಬೀರು ಮೇಲೆ ನಿಲ್ಲಲ್ಲ. ಕೊನೆಗೆ ಮಾಳಿಗೆ ಮೇಲೆ ಎರಡು ಕಂಬಕ್ಕೆ ಕಟ್ಟಿಸೀನಿ. ಶಾವಿಗೆ ಒಣಗಿಸಾಕೆ ಭಾಳ ಚಲೋ ಆಗೈತೆ. ಒಂದು ಕಡೆ ಬಿಸಿಲು ಬಿದ್ರೆ ಹಂಗೇ ಕಟ್ಟು ಬಿಚ್ಚಿ ತಿರುಗಿಸಿಬಿಡ್ತೀನಿ. ಉಡಚಮ್ಮಗೂ ಒಂದು ಸೇರು ಶಾವಿಗೆ ಕಳಿಸೀನಿ.

ನಿಮ್ಮ ದೋಸ್ತರು ಶಾವಿಗೆ ಹಾಕಿದ್ದು ನೋಡಿ ನನ್ನ ಮೇಲೆ ಕೂಗಾಡಿದ್ರು. ಆದ್ರೆ ದಿನಾ ಬೆಳಿಗ್ಗೆ ಕಾಲು ಎಳ್ಕೊಂಡು ಮೆಟ್ಲು ಹತ್ತಿ ಹೋಗಿ, ಬಟ್ಟೆ ತಗೊಂಡು ಅದನ್ನ ಒರೆಸಿ ಬರ್ತಾರೆ. ಡಾಕ್ಟ್ರು ಮೆಟ್ಲು ಹತ್ರಿ ಅಂತ ಎರಡು ವರ್ಷ ಹೇಳಿದ್ರು, ಕೇಳಲಿಲ್ಲ. ನಿಮ್ಮ ಗಾಲಿ ಹತ್ತಿಸ್ತು.

ಸಿಟ್ಟು ಗಿಟ್ಟು ನನಗೆ ಗೊತ್ತಿಲ್ಲ. ಒಮ್ಮೆ ಬರ್ರಿ ಅಣ್ಣಾರ, ಉಂಡು ಹೋಗ್ರಿ.

ಮಾಬೂಬೀ

ಸಾಯಿಮಾ ತನ್ನ ಕಡೆಯಿಂದ: ಕಂಡಕ್ಟರ್ ತಾತ, ನಿಮ್ಮ ಪತ್ರಗಳನ್ನ ದಾದಾಗೆ ಓದಿ ಹೇಳೋದು ನಾನೇ. ಬೆಳಿಗ್ಗೆ ಆರು ಗಂಟೆಗೆ ಓದಿಸ್ತಾರೆ, ಹಳೇದನ್ನೂ ಮತ್ತೆ ಓದು ಅಂತಾರೆ. ದಯವಿಟ್ಟು ಉದ್ದ ಬರೀರಿ. ಇದಕ್ಕಿಂತ ಜಾಸ್ತಿ ಹೇಳಬಾರದು ಅಂತ ಆಣೆ ಹಾಕಿಸ್ಯಾರೆ.


ಕೆ.ಬಿ. ಬಡಾವಣೆ, ದಾವಣಗೆರೆ
೧೪ ನವೆಂಬರ್ ೨೦೨೫

ಅಂಜಿಗೆ,

ಸ್ಟೇರಿಂಗ್ ಮುಟ್ಟಿತು. ಸಿಟ್ಟು ಇಳಿದೈತೆ ಅಂತ ತಿಳ್ಕಬ್ಯಾಡ. ಅರ್ಧ ಇಳಿದೈತೆ.

ನಿನ್ನ ಬೆರಳಿನಿಂದ ನಾನು ಅನುಭವಿಸಿದ್ದು ಇದೇ ಮೊದಲಲ್ಲ. ಕಡರನಾಯಕನಹಳ್ಳಿ ಟ್ರಿಪ್ ನೆನಪೈತಾ? ಒಂದು ಮಗು ಅಳ್ತಾ ಇತ್ತು. ನೀನು ನಿನ್ನ ಸೀಟಿ ಅದರ ಬಾಯಿಗೆ ಕೊಟ್ಟು ಟೀ ಕುಡಿಯಾಕೆ ಇಳಿದೆ. ಮಗು ಎರಡು ಸಲ ಊದ್ತು. ನಾನು ರೈಟ್ ಅಂದ್ಕಂಡು ಗಾಡಿ ಬಿಟ್ಟೆ. ಎರಡು ಊರು ದಾಟಿದ ಮೇಲೆ ಒಬ್ಬಳು ಅಮ್ಮ ಕೂಗಿದ್ಲು, "ಡ್ರೈವರಣ್ಣ, ಟಿಕೆಟ್ ಯಾರ ಹತ್ರ ತಗೊಳ್ಳಿ?" ತಿರುಗಿ ಬಂದ್ರೆ ನೀನು ಅಲ್ಲೇ ಬೆಂಚಿನ ಮೇಲೆ ಎರಡನೇ ಟೀ ಕುಡೀತಾ, "ಏನೋ, ಹೊಸ ಕಂಡಕ್ಟರ್ ಚಲೋ ಊದ್ತಾನಾ" ಅಂದೆ. ಅವತ್ತೇ ಖುರಾನ್ ಸಾಕ್ಷಿ ಹೇಳೀನಿ, ನಿನ್ನ ಬಾಯಿಂದ ರೈಟ್ ಅಂತ ಕೇಳದೆ ಗಾಡಿ ಬಿಡಲ್ಲ ಅಂತ. ಆಮೇಲೆ ಒಂದಿನಾನೂ ಬಿಟ್ಟಿಲ್ಲ.

ಅಷ್ಟು ನಿಯತ್ತಿನ ಡ್ರೈವರ್ ನಾನು. ರೋಡಿನ ಮೇಲೆ ಮೂವತ್ತೊಂದು ವರ್ಷ ಗೀರಿಲ್ಲ. ಈ ಆಟದಾಗೂ ನೋಡು, ಹನ್ನೊಂದು ಸಾವಿರದ ಮುನ್ನೂರ ಹದಿನೈದು ಕಿಲೋಮೀಟರ್, ಒಂದು ಕನ್ನಡಿ ಒಡೆದಿಲ್ಲ, ಒಬ್ಬ ಪ್ಯಾಸೆಂಜರ್ ಬೈದಿಲ್ಲ. ಅಂಥೋನನ್ನ ಎರಡು ಸಲ ರೈಟ್ ಅಂದು ಇಳಿಸಿದೆಯಲ್ಲೋ. ನಿನಗೆ ಮನಸ್ಸು ಹೆಂಗೆ ಬಂತು.

ಚಳಿ ಬಿದ್ದೈತೆ. ಕಿವಿಗೆ ಬಟ್ಟೆ ಕಟ್ಕೋ. ಬರಿ.

ಮಕ್ತುಮ್


ಹರಿಹರ
೨೦ ನವೆಂಬರ್ ೨೦೨೫

ಚೆಕಿಂಗ್ ಮೆಮೊ

ಡ್ರೈವರ್ ಹೆಸರು: ಮಕ್ತುಮ್ ಸಾಬ್. ತಪಾಸಣೆ ಮಾಡಿದೋರು: ಅಂಜಿನಪ್ಪ, ನಿವೃತ್ತ ಕಂಡಕ್ಟರ್, ಸದ್ಯ ಯಾರಿಗೂ ಅಂಜದಪ್ಪ.

ನಿನ್ನ ಕಾಗದ ನಾಲ್ಕು ಸಲ ಓದಿದೆ. ಮೂರು ಸಲ ಅತ್ತೆ. ನಾಲ್ಕನೇ ಸಲ ಅಂಕಿ ಕಣ್ಣಿಗೆ ಬಿತ್ತು.

ಇಪ್ಪತ್ತೆರಡು ವರ್ಷ ಟ್ರಿಪ್ ಶೀಟು ಬರೆದೀನೋ. ಒಂದು ಟ್ರಿಪ್ ಮುಗಿದಾಗ ಇದ್ದ ನಂಬರೇ ಮುಂದಿನ ಟ್ರಿಪ್ ಶುರುವಾಗೋ ನಂಬರು. ಮಧ್ಯೆ ವ್ಯತ್ಯಾಸ ಬಂದ್ರೆ ಗಾಡಿ ಎಲ್ಲೋ ಓಡೈತೆ ಅಂತ ಅರ್ಥ. ಆಗಸ್ಟ್ ಹದಿನೈದಕ್ಕೆ ನೀನು ನನಗೆ ತೋರಿಸಿದ್ದು ಒಂಬತ್ತು ಸಾವಿರದ ಆರುನೂರ ನಲವತ್ತು. ಅವತ್ತೇ ನಿನ್ನ ಇಳಿಸಿದ್ದು. ನವೆಂಬರ್ ಹದಿನಾಲ್ಕಕ್ಕೆ ನೀನು ಬರೆದದ್ದು ಹನ್ನೊಂದು ಸಾವಿರದ ಮುನ್ನೂರ ಹದಿನೈದು. ಒಂದು ಸಾವಿರದ ಆರುನೂರ ಎಪ್ಪತ್ತೈದು ಕಿಲೋಮೀಟರ್ ಯಾರು ಓಡಿಸಿದ್ರು? ಶಾವಿಗೆ ಓಡಿಸ್ತಾ?

ಸಹನಾನ ಕರೆದೆ. "ಮನೆ ಬಿಟ್ಟೋರ ನಿಯಮ ಇನ್ನೊಂದ್ಸಲ ಓದು, ಕೊನೇ ತನಕ ಓದು" ಅಂದೆ. ಓದಿದ್ಲು. ಬಿಟ್ಟೋರು ಬೇರೆ ಮನೆಗೆ ಸೇರಾಕೆ ಒಂದು ವರ್ಷ. ಅದರ ಕೆಳಗಿನ ಸಾಲು: ಬಿಟ್ಟ ಮನೆಗೇ ವಾಪಸ್ ಬರೋದಾದ್ರೆ ಕಾಯೋದೇ ಬ್ಯಾಡ, ಮನೆಯೋರು ಕರೆದ್ರೆ ಆವತ್ತೇ ಬರಬಹುದು. "ಅಯ್ಯೋ ಅಜ್ಜ, ನೀವು ನಮ್ಮ ಮನೆಗೆ ಸೇರಿಸು ಅಂದ್ರಿ, ನಾನು ಅಷ್ಟೇ ನೋಡಿದ್ದೆ" ಅಂದ್ಲು.

ಅಂದ್ರೆ ನೀನು ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಆರಕ್ಕೆ ಗಾಡಿ ತೆಗೀತಾ ಇದ್ದೀಯ. ಕಾಗದದಾಗೆ ನನ್ನನ್ನ ಅಳೋ ಹಂಗೆ ಮಾಡ್ತಾ ಇದ್ದೀಯ. ನಾನು ಓಣಿ ತಿರುವಿನ ತನಕ ಬಂದು ವಾಪಸ್ ಹೋದೋನು, ಪಕ್ಕದ ಮನೆಯೋರ ಚಪ್ಪಲಿ ಮುಟ್ಟದೋನು, ಗುಜರಿನಾಗೆ ಸ್ಟೇರಿಂಗ್ ತಬ್ಕೊಂಡು ನಿಂತೋನು.

ಎರಡು ನಿಮಿಷ ಸಿಟ್ಟು ಬಂದಿತ್ತು. ಅಷ್ಟರಾಗೆ ಉಡಚಮ್ಮ ನೆಲದ ಮೇಲೆ ಕೂತು ಸೆರಗು ಬಾಯಿಗೆ ಹಿಡ್ಕೊಂಡು ನಗಾಕೆ ಶುರು ಮಾಡಿದ್ಲು. "ಊರಿಗೆಲ್ಲ ಟೋಪಿ ಹಾಕಿದೋರಿಗೆ ಸಾಬ್ರು ತಮ್ಮ ಟೋಪಿನೇ ಹಾಕ್ಯಾರೆ ಬಿಡ್ರಿ." ನನಗೂ ತಡೆಯಾಕೆ ಆಗಲಿಲ್ಲ. ಮೂರು ತಿಂಗಳ ನಗು ಒಟ್ಟಿಗೇ ಬಂದು ಪಕ್ಕೆ ಹಿಡ್ಕಂತು.

ಆದ್ರೆ ಒಂದು ಮಾತು, ಇದು ತಮಾಷೆ ಅಲ್ಲ. ನಿನ್ನ ಸಿಟ್ಟು ಆಗಲೇ ಹೋಗಿದ್ರೆ ಫೋನ್ ಯಾಕ ಎತ್ತಲಿಲ್ಲ? ಅಷ್ಟೊಂದು ಬ್ಯಾಡವಾಗಿದ್ನಾ ನಾನು? ಅದಕ್ಕೆ ಲಿಖಿತ ವಿವರಣೆ ಕೊಡಬೇಕು.

ಅಂಜಿನಪ್ಪ


ಕೆ.ಬಿ. ಬಡಾವಣೆ, ದಾವಣಗೆರೆ
೨೭ ನವೆಂಬರ್ ೨೦೨೫

ಲೇ ಅಂಜಿ,

ಸಿಕ್ಕಿಬಿದ್ದೆ. ಅಂಕಿ ಬರೆದ ಮೇಲೆ ಸಾಯಿಮಾ, "ದಾದಾ, ಅದನ್ನ ಹೊಡೆದು ಹಾಕ್ರಿ" ಅಂದಿದ್ಲು. ಅವನಿಗೆ ಎಲ್ಲಿ ನೆನಪಿರ್ತೈತೆ ಅಂದೆ. ಕಂಡಕ್ಟರಿಗೆ ವಯಸ್ಸಾಗ್ತೈತೆ, ಅವನ ಲೆಕ್ಕಕ್ಕೆ ಆಗಲ್ಲ ಅನ್ನೋದು ಮರೆತಿದ್ದೆ.

ಅವತ್ತು ಸಿಟ್ಟು ಬಂದಿದ್ದು ಸುಳ್ಳಲ್ಲ. ಎರಡು ದಿನ ಗೇಟಿನ ಹತ್ರ ಕುರ್ಚಿ ಹಾಕ್ಕೊಂಡು ಕೂತೆ, ಅನ್ನ ಸೇರಲಿಲ್ಲ. ಭಾನುವಾರ ಸಾಯಿಮಾ ಪೂರ್ತಿ ನಿಯಮ ಓದಿ, ನನ್ನ ಹೆಸರು ವಾಪಸ್ ಸೇರಿಸಿದ್ಲು. ನನ್ನ ಕಿಲೋಮೀಟರ್ ಎಲ್ಲ ಹಂಗೇ ಇದ್ದವು. ಸೋಮವಾರ ಸಂಜೆ ನಿನಗೆ ಫೋನ್ ಮಾಡಿ ಚೆನ್ನಾಗಿ ಬೈದು ನಗೋಣ ಅಂತ ಕೈಗೆ ತಗೊಂಡಿದ್ದೆ. ಅಷ್ಟರಾಗೆ ತಿಪ್ಪೇಶ್ ಕಾಗದ ತಂದ.

ಮಾರನೇ ದಿನ ಬೆಳಿಗ್ಗೆ ಆರಕ್ಕೆ ಗಾಡಿ ತೆಗೆದೆ. ಕನ್ನಡಕ ಒಂದೇ ಐತಲ್ಲ, ರೋಡ್ ನೋಡ್ಲಾ ಕಾಗದ ಓದ್ಲಾ. ಸಾಯಿಮಾಗೆ, "ಹಿಂದೆ ಕೂತು ಓದವ್ವ" ಅಂದೆ. ನನ್ನ ಕುರ್ಚಿ ಹಿಂದೆ ಸ್ಟೂಲ್ ಹಾಕ್ಕೊಂಡು ಓದಿದ್ಲು.

ಅಂಜಿ, ಇಪ್ಪತ್ತೆರಡು ವರ್ಷ ನಿನ್ನ ಮಾತು ನಾನು ಕೇಳಿದ್ದು ಬೆನ್ನ ಹಿಂದಿನಿಂದಲೇ. ನೀನು ಪ್ಯಾಸೆಂಜರಿಗೆ ಚುಡಾಯಿಸೋದು, ಮುದುಕಿಯರ ಜೊತೆ ಜಗಳ ಮಾಡೋದು, ಹಾಡು ಕಟ್ಟೋದು, ಎಲ್ಲಾ ಹಿಂದಿನಿಂದ. ನಾನು ಒಂದಿನ ತಿರುಗಿ ನೋಡಿಲ್ಲ, ರೋಡ್ ಬಿಟ್ಟು ಕಣ್ಣು ತೆಗೆಯಂಗಿಲ್ಲ. ನಕ್ಕಿದ್ದೆಲ್ಲ ಮುಂದಿನ ಗಾಜಿಗೆ ನಕ್ಕಿದ್ದು. ಈ ಆಟದಾಗೆ ಎಲ್ಲಾ ಐತೆ. ಗೇರ್ ಐತೆ, ಹಾರ್ನ್ ಐತೆ, ಮಳೆ ಬಿದ್ರೆ ವೈಪರ್ ಐತೆ. ಬೆನ್ನ ಹಿಂದೆ ಮಾತ್ರ ಸದ್ದಿರಲಿಲ್ಲ. ಒಂಬತ್ತು ಸಾವಿರ ಕಿಲೋಮೀಟರ್ ಖಾಲಿ ಬಸ್ಸು ಓಡಿಸಿದಂಗಿತ್ತು. ಅವತ್ತು ನಿನ್ನ ಕಾಗದ ಬಂದ ಮೇಲೆ ಬಸ್ಸು ತುಂಬ್ತು.

ಫೋನ್ ಎತ್ತಿದ್ರೆ ಎರಡು ನಿಮಿಷದಾಗೆ ರಾಜಿ ಆಗ್ತಿತ್ತು, ಕಾಗದ ನಿಲ್ತಿದ್ವು. ಅದಕ್ಕೆ ಎತ್ತಲಿಲ್ಲ. ಸಿಟ್ಟಿನೋನಂಗೆ ನಾಟಕ ಆಡಿದೆ. ನೀನು ಓಣಿ ತಿರುವಿನಿಂದ ವಾಪಸ್ ಹೋದೆ ಅಂತ ಓದಿದ ದಿನ ಮಾತ್ರ ಬ್ರೇಕ್ ಹಾಕಿ ಗಾಡಿ ಪಕ್ಕಕ್ಕೆ ನಿಲ್ಲಿಸಿದ್ದೆ. ಮಾಬೂಬೀ, "ಇಷ್ಟು ಕಾಡಿಸಬ್ಯಾಡ್ರಿ, ಮುದುಕ ಕರಗಿ ಹೋಗ್ತಾನೆ" ಅಂತ ದಿನಾ ಬೈತಿದ್ಲು. ತಪ್ಪು ನಂದೇ. ಇದೇ ನನ್ನ ಲಿಖಿತ ವಿವರಣೆ.

ಸಹನಾ ಹೇಳಿದ ನಿಯಮ ಸರಿಯಾಗೇ ಐತೆ, ಅಂಗಡಿ ಪಟ್ಟಿನಾಗೆ ನೀನು ನಮ್ಮ ಮನೆಯೋನಲ್ಲ. ಅದನ್ನ ಸಾಯಿಮಾನೂ ಮುರಿಯಲ್ಲ. ಆದ್ರೆ ಆಟ ಆಡೋಕೆ ಹೆಸರು ಬೇಕು, ಹಿಂದೆ ಕೂತು ಮಾತಾಡೋಕೆ ಬ್ಯಾಡ. ಸ್ಟೂಲ್ ಅಲ್ಲೇ ಐತೆ. ಸಾಯಿಮಾಗೆ ಪರೀಕ್ಷೆ ಹತ್ರ ಬಂತು, ಅವಳಿಗೆ ಬಿಡುವಿಲ್ಲ. ಫ್ರಿಜ್ ಮೇಲೆ ಚಾರ್ಟ್ ತಿದ್ದೀನಿ. ಬೆಳಿಗ್ಗೆ ಆರರಿಂದ ಎಂಟು, ಭಾನುವಾರ: ಡ್ರೈವರ್ ಮಕ್ತುಮ್ ಸಾಬ್, ಕಂಡಕ್ಟರ್ ಅಂತ ಬರೆದು ಮುಂದೆ ಜಾಗ ಬಿಟ್ಟೀನಿ. ನಿನ್ನ ಕೈಯಾರೆ ಹೆಸರು ಬರೀಬೇಕು.

ನಿನ್ನ,
ಬ್ರೇಕ್ ಸಾಬ್


ಹರಿಹರ
೨೯ ನವೆಂಬರ್ ೨೦೨೫, ಶನಿವಾರ

ಬ್ರೇಕ್ ಸಾಬ್ರಿಗೆ,

ಲಿಖಿತ ವಿವರಣೆ ಒಪ್ಪಿಗೆ ಆಗೈತೆ. ಓದಿದ ಮೇಲೆ ಕಣ್ಣಿಗೆ ಏನೋ ಬಿದ್ದಿತ್ತು, ಉಡಚಮ್ಮ ಊದಿದ್ರೂ ಹೋಗಲಿಲ್ಲ. ಶಿಕ್ಷೆ ಏನಂದ್ರೆ, ಮೂರು ತಿಂಗಳ ಬಾಕಿ ಮಾತನ್ನೆಲ್ಲ ನಾಳೆಯಿಂದ ಕುತ್ತಿಗೆ ತಿರುಗಿಸದೆ ಕೇಳಬೇಕು.

ನಮ್ಮ ಪಕ್ಕದ ಮನೆಯೋರು ಇವತ್ತು ಬೆಳಿಗ್ಗೆಯಿಂದ ಎಡಗಾಲಿನ ಚಪ್ಪಲಿ ಹುಡುಕ್ತಾ ಅದಾರೆ. ನಾನು ಹುಷಾರಾದೆ ಅಂತ ಅವರಿಗೂ ಭಾಳ ಸಂತೋಷ.

ಉಡಚಮ್ಮ ರೊಟ್ಟಿ ಕಟ್ತಾಳೆ, ಹಳೇ ಡಬ್ಬಿನಾಗೇ. ಭಾಭಿಗೆ ಬದನೆಕಾಯಿ ಅಂತ ಹೇಳು. ಟ್ರಂಕಿನ ತಳದಾಗೆ ನನ್ನ ಸೀಟಿ ಸಿಕ್ತು, ತುಕ್ಕು ಹಿಡಿದಿಲ್ಲ. ಈ ಸಲ ಯಾವ ಮಗುವಿನ ಕೈಗೂ ಕೊಡಲ್ಲ.

ನಾಳೆ ತಿಪ್ಪೇಶನ ಮೊದಲನೇ ಬಸ್ಸಿಗೆ ಹತ್ತೀನಿ. ಓಣಿ ತಿರುವಿನಾಗೆ ನಿಲ್ಲಲ್ಲ, ಸೀದಾ ಒಳಗೆ ಬರ್ತೀನಿ. ಆರು ಗಂಟೆಗೆ ಐದು ನಿಮಿಷ ಹೆಚ್ಚು ಕಮ್ಮಿ ಆಗಬಹುದು. ಎಂಜಿನ್ ಬೇಕಾದ್ರೆ ಶುರು ಮಾಡಿಟ್ಕೋ.

ನಾನು ರೈಟ್ ಅನ್ನೋ ತನಕ ಗಾಡಿ ಬಿಡಬ್ಯಾಡ.

ನಿನ್ನ ಕಂಡಕ್ಟರ್,
ಅಂಜಿನಪ್ಪ